ಕೆನ್ನೆಯ ಗಾಯ

"ಗುರುಗಳೇ, ಉಂಡ ಮನೆಗೂ ಹುಟ್ಟಿದ ಮನೆಗೂ ಜಗಳ ಬಂದರೆ ಎರಡನ್ನೂ ಉಳಿಸಿಕೊಳ್ಳುವ ದಾರಿ ಇಲ್ಲವೇ?"

ಕೇಳಿದವನು ಬಾಚಯ್ಯ. ಗುಡ್ಡದ ಸೀಮೆಯಲ್ಲಿ ಹುಟ್ಟಿ, ಅರಸನ ಕುದುರೆಪಡೆಯಲ್ಲಿ ಹೆಸರು ಮಾಡಿದವನು. ಈಗ ಆ ಗುಡ್ಡದ ಜನರ ಮೇಲೆಯೇ ದಂಡೆತ್ತಿ ಹೋಗೆಂದು ಅರಸ ರಣವೀಳ್ಯ ಕಳಿಸಿದ್ದ. ವೀಳ್ಯ ಇನ್ನೂ ತಟ್ಟೆಯಲ್ಲೇ ಇತ್ತು, ಎತ್ತಿಕೊಂಡರೆ ಒಪ್ಪಿದಂತೆ. ಮನಸ್ಸಿನಲ್ಲಿ ಬಾಚಯ್ಯ ಆಗಲೇ ಒಪ್ಪಿದ್ದ. ಹೋಗುವುದು, ಗೆಲ್ಲುವುದು, ಆಮೇಲೆ ಸತ್ತವರಿಗಾಗಿ ಅಳುವುದು ಎಂದುಕೊಂಡಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು.

ಗುರುಗಳು ಹೂಂ ಎನ್ನಲಿಲ್ಲ. ಕತೆ ಹೇಳಿದರು.

ಪಡುವಣದಲ್ಲಿ ರೋಮ್ ಎಂಬ ಸಾಮ್ರಾಜ್ಯವಿತ್ತು. ಮುಪ್ಪು ಹಿಡಿದ ಸಾಮ್ರಾಜ್ಯ. ಕತ್ತಿ ಹಿಡಿಯಲು ಸ್ವಂತ ಮಕ್ಕಳು ಸಾಲದೆ ಹೊರಗಿನವರನ್ನು ಕರೆಯುತ್ತಿತ್ತು. ಹಾಗೆ ಬಂದವನು ಒಬ್ಬ ಹೂಣ ನಾಯಕ, ತನ್ನ ಕುಲದ ಐನೂರು ಸವಾರರೊಡನೆ. ಹೂಣರಲ್ಲಿ ಒಂದು ಪದ್ಧತಿ. ವೀರ ಸತ್ತರೆ ಗಂಡಸರು ಕತ್ತಿಯಿಂದ ತಮ್ಮ ಕೆನ್ನೆ ಗೀರಿ ರಕ್ತದಲ್ಲಿ ಅಳಬೇಕು. ಕಣ್ಣೀರು ಹಾಕಿದರೆ ಸತ್ತವನನ್ನು ಹೀಯಾಳಿಸಿದಂತೆ.

ಒಮ್ಮೆ ಗಡಿಯಾಚೆಯ ಹೂಣರೇ ರೋಮಿನ ಮೇಲೆ ಬಂದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ಅಲ್ಲಿನವರಿಗೂ ಗೊತ್ತಿತ್ತು. ಈ ನಾಯಕನನ್ನೇ ಕಳಿಸಿದರು. ಅವನು ಗೆದ್ದ. ಸತ್ತ ಶತ್ರುಗಳ ನಡುವೆ ಅವನ ಒಡಹುಟ್ಟಿದ ಅಣ್ಣ ಬಿದ್ದಿದ್ದ, ಕೈಹಿಡಿದು ಕುದುರೆ ಏರಿಸಿದ ಅಣ್ಣ. ನಾಯಕ ತನ್ನ ಸವಾರರ ಕಣ್ಣೆದುರೇ ಕತ್ತಿ ಹಿರಿದು ಕೆನ್ನೆ ಗೀರಿಕೊಂಡ.

ಅಷ್ಟರಲ್ಲಿ ರೋಮಿನ ಸೇನಾಪತಿ ಬಂದು, ಕೆನ್ನೆಗೆ ಏನಾಯಿತೆಂದು ಕೇಳಿದ.

ನಿಜ ಹೇಳಿದರೆ ಶತ್ರುವಿಗಾಗಿ ಅತ್ತಂತೆ. ಪದವಿ ಹೋಗುತ್ತದೆ, ತಲೆಯೂ ಹೋಗಬಹುದು. ನಾಯಕ ಅಣ್ಣನ ಹೆಣದ ಕಡೆ ಕೈ ತೋರಿಸಿದ.

"ಇವನು ಹೊಡೆದ."

ಸೇನಾಪತಿ ಮೆಚ್ಚಿ ಅವನ ಕೊರಳಿಗೆ ಚಿನ್ನದ ಸರ ಹಾಕಿದ. ಹೊಡೆದವನ ಹೆಣವನ್ನು ನಾಯಿಗಳಿಗೆ ಎಸೆಯಿಸಿದ. ರೋಮಿನವರು ಜಯಕಾರ ಹಾಕಿದರು. ಹೂಣ ಸವಾರರು ತುಟಿ ಬಿಚ್ಚಲಿಲ್ಲ.

ನಾಯಕ ಇನ್ನೂ ಇಪ್ಪತ್ತು ವರ್ಷ ಬದುಕಿದ. ಒಂದರ ಮೇಲೊಂದು ಪದವಿ ಏರಿದ. ಗಾಯವೂ ಮಾಯಿತು.

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು. ಬಾಚಯ್ಯನಿಗೆ ಹೋದ ಜೀವ ಬಂದಂತಾಯಿತು.

"ಬಾಯಲ್ಲಿ ಏನೇ ಹೇಳಿರಲಿ, ಅಣ್ಣನಿಗಾಗಿ ಅತ್ತನಲ್ಲ, ಗುರುಗಳೇ. ಅವನ ಜನಕ್ಕೆ ಅದು ಗೊತ್ತಿತ್ತಲ್ಲ."

"ಗೊತ್ತಿತ್ತು. ಅದಕ್ಕೇ ಅವನು ಸತ್ತಾಗ, ಆ ಐನೂರರಲ್ಲಿ ಉಳಿದಿದ್ದವರು ಯಾರೂ ಕತ್ತಿ ಹಿರಿಯಲಿಲ್ಲ, ಎಲ್ಲರೂ ಬರೀ ಕಣ್ಣೀರು ಹಾಕಿದರು."