ಅರ್ಧ ಜೋಳ ಹೋದ ದಾರಿ

"ಗುರುಗಳೇ, ಹಸಿದಿದ್ದಾರೆಂದು ನಾವು ಕೊಟ್ಟ ಕಾಳನ್ನು ಅವರು ತಿನ್ನದೆ ಬೇರೆಯವರಿಗೆ ಸುರಿದರೆ, ಮರುದಿನ ಅವರಿಗೆ ಕೊಡಬೇಕೋ ಬೇಡವೋ?"

ಕೇಳಿದವನು ಚೆನ್ನವೀರ. ಮಠದ ಶಿಷ್ಯರಲ್ಲಿ ಹಿರಿಯ. ಕೆಲಸದಲ್ಲಿ ಚುರುಕು, ಸಿಟ್ಟಿನಲ್ಲಿ ಇನ್ನೂ ಚುರುಕು. ಆ ವರ್ಷ ಮೇಲಿನ ಸೀಮೆಯಲ್ಲಿ ಕೆರೆ ಬಾವಿಗಳು ಬತ್ತಿ, ಇನ್ನೂರು ಮನೆಯವರು ಊರು ಬಿಟ್ಟು ಬಂದು ಮಠದ ಮಾವಿನ ತೋಪಿನಲ್ಲಿ ಇಳಿದಿದ್ದರು. ಅವರಿಗೆ ದಿನವೂ ಜೋಳ ಅಳೆದು ಕೊಡುವ ಕೆಲಸ ಚೆನ್ನವೀರನದು. ಹದಿನೈದು ದಿನದಿಂದ ಅವನು ಸರಿಯಾಗಿ ಕೂತು ಉಂಡವನಲ್ಲ. ಅಂದು ಬೆಳಿಗ್ಗೆ ಒಬ್ಬ ಮುದುಕಿ ತನ್ನ ಪಾಲನ್ನು ಸೆರಗಿಗೆ ಹಾಕಿಸಿಕೊಂಡು ಹೋಗಿ, ತೋಪಿನಾಚೆ ದಾರಿಯಲ್ಲಿ ನಿಂತಿದ್ದ ಒಬ್ಬ ಗಂಡಸಿನ ವಸ್ತ್ರಕ್ಕೆ ಅದರಲ್ಲಿ ಅರ್ಧ ಸುರಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ನಾಳೆಯಿಂದ ಅವಳ ಪಾಲು ನಿಲ್ಲಿಸಬೇಕೆಂದು ಮನಸ್ಸಿನಲ್ಲಿ ಆಗಲೇ ತೀರ್ಮಾನ ಮಾಡಿಯಾಗಿತ್ತು. ಗುರುಗಳ ಬಾಯಿಂದ ಒಂದು 'ಹೂಂ' ಬಂದರೆ ಸಾಕಿತ್ತು.

ಗುರುಗಳು ಹೂಂ ಎನ್ನಲಿಲ್ಲ. "ಕೂತುಕೋ" ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಜೋಳದ ವ್ಯಾಪಾರಿ ಇದ್ದ. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಅವನನ್ನು ಬೈದುಕೊಳ್ಳುತ್ತಲೇ ಕತೆ ಕೇಳುತ್ತೀಯೆ.

ಎರಡು ವರ್ಷ ಮಳೆ ಕೈಕೊಟ್ಟಿತು. ಹೊಳೆ ಒಣಗಿ, ಉಸುಕು ತೋಡಿದರೆ ಸಿಗುವ ಒರತೆಯ ನೀರಷ್ಟೇ ಉಳಿಯಿತು. ಆ ನೀರನ್ನು ನಂಬಿಕೊಂಡು ದೂರದ ಎರೆನಾಡಿನಿಂದ ಒಂದು ಊರಿಗೆ ಊರೇ ಎದ್ದು ಬಂದು ಉಸುಕಿನ ಮೇಲೆ ಗುಡಿಸಲು ಹಾಕಿಕೊಂಡಿತು. ವ್ಯಾಪಾರಿ ಹೋಗಿ ಅವರನ್ನು ನೋಡಿದ. ಮನೆಗೆ ಬಂದು ಊಟಕ್ಕೆ ಕೂತ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನವೇ ಅವನು ಹಗೇವು ತೆಗೆಸಿದ. ನೆಲದೊಳಗೆ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಟ್ಟಿದ್ದ ಹಗೇವು ಅದು. ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಗುಡಿಸಲಿಗೆ ದಿನಕ್ಕೊಂದು ಸೇರಿನಂತೆ ತನ್ನ ಕೈಯಿಂದಲೇ ಅಳೆದು ಕೊಟ್ಟ. ಆಳುಗಳಿಗೆ ಬಿಡಲಿಲ್ಲ. ಎಂಟು ದಿನ ಕಳೆಯುವಷ್ಟರಲ್ಲಿ ಅವನಿಗೆ ರೊಟ್ಟಿ ಇಳಿಯತೊಡಗಿತು, ನಿದ್ದೆಯೂ ಬಂತು. ಕೊಟ್ಟವನಿಗೆ ಬರುವ ನಿದ್ದೆ ಒಳ್ಳೆಯ ನಿದ್ದೆ, ಚೆನ್ನವೀರ. ಅದರ ರುಚಿ ನಿನಗೂ ಗೊತ್ತು.

ಒಂಬತ್ತನೆಯ ದಿನ ಯಾರೋ ಬಂದು ಅವನ ಕಿವಿ ಕಚ್ಚಿದರು. ನೀನು ಕೊಟ್ಟ ಜೋಳವನ್ನು ಆ ಹೆಂಗಸರು ಸೆರಗಿನಲ್ಲಿ ಕಟ್ಟಿಕೊಂಡು ಊರೊಳಗೆ ಬರುತ್ತಾರೆ, ಹಿಂದಿನ ಓಣಿಯಲ್ಲಿ ಹೋಗುತ್ತಾರೆ, ವಾಪಸು ಹೋಗುವಾಗ ಅದರಲ್ಲಿ ಅರ್ಧ ಇರುವುದಿಲ್ಲ ಎಂದರು. ವ್ಯಾಪಾರಿ ನಂಬಲಿಲ್ಲ. ಓಣಿಯ ತುದಿಯಲ್ಲಿ ಒಬ್ಬ ಆಳನ್ನು ನಿಲ್ಲಿಸಿದ. ಆಳು ಮರುದಿನ ಒಬ್ಬ ಹೆಂಗಸನ್ನು ಹಿಡಿದು ತಂದ. ಅವಳ ಕಂಕುಳಲ್ಲಿ ಎರಡು ವರ್ಷದ ಕೂಸು, ಸೆರಗಿನಲ್ಲಿ ಜೋಳದ ಗಂಟು.

ವ್ಯಾಪಾರಿಗೆ ಮೈಯೆಲ್ಲ ಉರಿದುಹೋಯಿತು. ತಾನು ಮಾರದೆ ಕೊಟ್ಟದ್ದನ್ನು ಇವರು ಮಾರುತ್ತಿದ್ದಾರೆ! ಸಾಲಿನಲ್ಲಿ ನಿಂತಿದ್ದ ಎಲ್ಲರ ಎದುರಿಗೆ ಅವಳನ್ನು ಬಾಯಿಗೆ ಬಂದಂತೆ ಬೈದ. ಮೂರು ದಿನ ಅವಳ ಗುಡಿಸಲಿಗೆ ಜೋಳವಿಲ್ಲ ಎಂದ. ಇನ್ನು ಮುಂದೆ ಕಾಳಿನ ಗಂಟು ಹೊತ್ತು ಊರೊಳಗೆ ಕಾಲಿಟ್ಟವರಿಗೂ ಇದೇ ಗತಿ ಎಂದು ಸಾರಿದ. ಹೆಂಗಸು ತಲೆ ತಗ್ಗಿಸಿಕೊಂಡು ಹೋದಳು. ಒಂದು ಮಾತೂ ಆಡಲಿಲ್ಲ. ಮಾತಾಡದ್ದೇ ತಪ್ಪಿಗೆ ಸಾಕ್ಷಿ ಎಂದುಕೊಂಡ ವ್ಯಾಪಾರಿ.

ಅಂದಿನಿಂದ ಹಿಂದಿನ ಓಣಿ ಖಾಲಿಯಾಯಿತು. ಒಂದು ಕಾಳೂ ಆಚೀಚೆ ಹೋಗಲಿಲ್ಲ. ಒಂದು ಸೇರು ಕೊಟ್ಟರೆ ಆ ಇಡೀ ಸೇರೂ ಗುಡಿಸಲು ಸೇರುತ್ತಿತ್ತು. ಬಿಗಿ ಮಾಡಿದರೆ ಎಲ್ಲವೂ ನೆಟ್ಟಗಾಗುತ್ತದೆ ಎಂದು ಅವನು ನಾಲ್ಕು ಜನರ ಮುಂದೆ ಹೇಳಿಕೊಂಡ.

ವಾರ ಕಳೆಯುವುದರೊಳಗೆ ಉಸುಕಿನ ಮೇಲೆ ಭೇದಿ ಹುಟ್ಟಿಕೊಂಡಿತು. ಮೊದಲು ಮಕ್ಕಳಿಗೆ, ಆಮೇಲೆ ಮುದುಕರಿಗೆ. ಎರಡು ಮಕ್ಕಳು ತೀರಿಕೊಂಡವು. ಊರಿನವರು ಹೆದರಿದರು. ಹೆದರಿದ ಊರಿಗೆ ಕರುಣೆ ಎಲ್ಲಿಂದ ಬರಬೇಕು? ಹಿರಿಯರೆಲ್ಲ ಕೂಡಿ ವ್ಯಾಪಾರಿಯ ಬಳಿಗೆ ಬಂದರು. ರೋಗವನ್ನು ಹೊತ್ತುಕೊಂಡೇ ಬಂದ ಜನ ಇವರು, ನೀನು ಜೋಳ ನಿಲ್ಲಿಸು, ತಾವಾಗಿಯೇ ಹೊಳೆ ದಾಟಿ ಹೋಗುತ್ತಾರೆ ಎಂದರು. ಹೊಳೆಯ ಆಚೆ ಹನಿ ನೀರಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ನೋಡಿ ಬಂದು ಹೇಳುತ್ತೇನೆ ಎಂದ ವ್ಯಾಪಾರಿ. ವೈದ್ಯನನ್ನು ಜೊತೆಗೆ ಕರೆದುಕೊಂಡು ಉಸುಕಿಗೆ ಇಳಿದ.

ಮೊದಲ ಗುಡಿಸಲಿನಲ್ಲೇ ಆ ಹೆಂಗಸು ಕೂತಿದ್ದಳು. ಕೂಸು ಮಡಿಲಲ್ಲಿ ಸೋತು ಬಿದ್ದಿತ್ತು. ಅಳಲಿಕ್ಕೂ ಅದರಲ್ಲಿ ತ್ರಾಣವಿರಲಿಲ್ಲ. ವೈದ್ಯ ಕೂಸಿನ ಹೊಟ್ಟೆ ಮುಟ್ಟಿ ನೋಡಿದ. ಎದ್ದು ಒಲೆಯ ಮೇಲಿನ ಗಡಿಗೆಯಲ್ಲಿ ಕೈ ಹಾಕಿ, ಅಂಗೈ ತುಂಬ ತೆಗೆದು ವ್ಯಾಪಾರಿಯ ಮುಂದೆ ಹಿಡಿದ. ಹೊಳೆಯ ಗುಂಡುಕಲ್ಲಿನಲ್ಲಿ ಜಜ್ಜಿದ ಜೋಳ. ಅರ್ಧ ಇಡಿಯ ಕಾಳು, ಅರ್ಧ ಚೂರು, ನಡುವೆ ಉಸುಕು. ನಾಲ್ಕು ಮುಳ್ಳುಕಡ್ಡಿಯ ಉರಿಯಲ್ಲಿ ಅದು ಬೆಂದಿರಲೂ ಇಲ್ಲ.

"ಇದನ್ನ ಕೂಸಿಗೆ ತಿನಸೀಯೇನವಾ?" ಎಂದ ವ್ಯಾಪಾರಿ. "ಹಿಟ್ಟು ಬೀಸಿ ಅಂಬಲಿ ಕಾಸಬಾರದಿತ್ತಾ?"

"ಬೀಸಾಕ ಕಲ್ಲು ಎಲ್ಲೈತ್ರೀ ಸಾವ್ಕಾರ್ರ?" ಎಂದಳು ಹೆಂಗಸು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮನ್ಯಾಗಿನ ಕಲ್ಲು ಮನ್ಯಾಗ ಉಳೀತು. ಹನ್ನೆರಡು ಹರದಾರಿ ನಡಿಯೂದಿತ್ತು. ಕಲ್ಲರ ಹೊರಬೇಕಿತ್ತು, ಕೂಸರ ಹೊರಬೇಕಿತ್ತು. ಕೂಸಿನ್ನ ಹೊತಗೊಂಡು ಬಂದ್ನಿ."

"ಮತ್ತ ಮೊದಲ ಹ್ಯಾಂಗ ಮಾಡ್ತಿದ್ರಿ?"

"ಊರಾಗ ಒಂದು ಮನ್ಯಾಗ ಬೀಸ್ಕೊಂಡು ಬರ್ತಿದ್ವಿ. ಕಲ್ಲು ಕೊಟ್ಟಿದ್ದಕ್ಕ ಅರ್ಧ ಜೋಳ ಅವರಿಗೆ, ಅರ್ಧ ನಮಗ. ಅರ್ಧಾನ ಇರಲಿ, ಹಿಟ್ಟು ಆಗ್ತಿತ್ತು. ನೀವು ಬ್ಯಾಡಂದ್ರಿ. ಬಿಟ್ಟಿವಿ."

ವ್ಯಾಪಾರಿ ಅವಳ ಎದುರಿಗೇ ಉಸುಕಿನ ಮೇಲೆ ಕೂತ. "ಅವತ್ತು ನಾ ಬೈಯೂವಾಗ ಒಂದು ಮಾತು ಹೇಳಬಾರದಿತ್ತೇನವಾ?"

"ಹ್ಯಾಂಗ ಹೇಳೂದ್ರೀ? ಜೋಳಾ ಕೊಡಾವ್ರಿಗೆ ಕಲ್ಲೂ ಕೊಡ್ರಿ ಅಂದ್ರ, ಇವರ ಆಸಿಗೆ ಕೊನೀನ ಇಲ್ಲ ಅಂತ ಜೋಳಾನೂ ನಿಂತೀತು ಅಂತ ಅಂಜಿಕಿ."

"ಯಾರ ಮನಿ ಅದು? ಹಸದವರ ಕೈಯಾಗಿಂದು ಅರ್ಧ ಇಸಗೊಂಡವರು ಯಾರು?"

ಹೆಂಗಸು ಕೂಸಿನ ತಲೆಗೂದಲು ಸರಿಮಾಡತೊಡಗಿದಳು. ಅವನು ಮತ್ತೆ ಕೇಳಿದ. ಆಗ ಹೇಳಿದಳು: "ನಿಮ್ಮ ಹಿತ್ತಲದಾಗರೀ. ಆ ತಾಯಿ ಕೆಟ್ಟಾಕಿ ಅಲ್ರೀ, ಬೈಬ್ಯಾಡ್ರಿ. ಬಿಸಿಲಾಗ ಬಂದವ್ರಿಗೆ ನೆಳ್ಳಿಗೆ ಕುಂಡ್ರಿಸತಿದ್ಲು."

ವ್ಯಾಪಾರಿ ಮನೆಗೆ ಬಂದ. ಎಂದಿನಂತೆ ಮುಂಬಾಗಿಲಿನಿಂದ ಬರಲಿಲ್ಲ. ಹಿಂದಿನ ಓಣಿಯಲ್ಲಿ ನಡೆದು ಬಂದ. ಹಿತ್ತಲಲ್ಲಿ ಬೀಸುವ ಕಲ್ಲಿನ ಪಕ್ಕ ಒಂದು ಚೀಲ ಇತ್ತು. ಬಾಯಿ ಬಿಚ್ಚಿ ಒಂದು ಹಿಡಿ ಜೋಳ ತೆಗೆದು ಮೂಸಿದ. ಹಗೇವಿನಲ್ಲಿ ಕೂತ ಕಾಳಿಗೆ ಒಂದು ವಾಸನೆ ಹತ್ತುತ್ತದೆ, ಎಷ್ಟು ಒಣಗಿಸಿದರೂ ಹೋಗುವುದಿಲ್ಲ. ಇದು ಅವನದೇ ಜೋಳ. ಮುಂಬಾಗಿಲಲ್ಲಿ ಅವನು ಕೊಟ್ಟದ್ದರಲ್ಲಿ ಅರ್ಧ ಹಿತ್ತಲ ಬಾಗಿಲಿನಿಂದ ಅವನ ಮನೆಗೇ ಬಂದಿತ್ತು. ಅದರ ರೊಟ್ಟಿಯನ್ನೇ ಅವನು ಉಂಡು ಸುಖವಾಗಿ ಮಲಗಿದ್ದ.

ಹೆಂಡತಿಯನ್ನು ಕರೆದು ಕೇಳಿದ. ಅವಳು ಕಕ್ಕಾಬಿಕ್ಕಿಯಾದಳು. ಕಲ್ಲು ಕೇಳಿದರು, ಕೊಟ್ಟೆ. ಪಾಲು ಅವರಾಗಿಯೇ ಇಟ್ಟು ಹೋದರು, ಬೇಡ ಎನ್ನಲಿಲ್ಲ. ಬರುವುದನ್ನು ನಿಲ್ಲಿಸಿದಾಗ ಬೇರೆ ಎಲ್ಲೋ ಕಲ್ಲು ಸಿಕ್ಕಿರಬೇಕು ಎಂದುಕೊಂಡೆ ಎಂದಳು. ಉಸುಕಿನ ಮೇಲೆ ಮಕ್ಕಳು ಸತ್ತ ಸಂಗತಿ ಕೇಳಿ ಅಲ್ಲೇ ಕುಸಿದು ಕೂತಳು. ಅವಳನ್ನು ಬೈಯಲು ವ್ಯಾಪಾರಿಗೆ ಬಾಯಿ ಬರಲಿಲ್ಲ. ಯಾವ ಬಾಯಿಂದ ಬೈದಾನು?

ಅವನು ಬಂಡಿ ಕಟ್ಟಿಸಿದ. ಮನೆಯ ಎರಡೂ ಬೀಸುವ ಕಲ್ಲುಗಳನ್ನು ತಾನೇ ಒಂದು ಕಡೆ ಹೆಗಲು ಕೊಟ್ಟು ಬಂಡಿಗೆ ಏರಿಸಿದ. ಸೌದೆ ಹೇರಿಸಿದ. ಹಿತ್ತಲಲ್ಲಿದ್ದ ಜೋಳದ ಚೀಲವನ್ನೂ ಹಾಕಿಸಿದ. ಹೆಂಡತಿ ಬಂಡಿಯ ಹಿಂದೆ ಬರಿಗಾಲಿನಲ್ಲಿ ನಡೆದು ಹೋಗಿ, ಉಸುಕಿನ ಮೇಲೆ ಕಲ್ಲು ಹೂಡಿ, ಆ ಹೆಂಗಸಿನ ಎದುರು ಕೂತು ಒಂದೇ ಗೂಟಕ್ಕೆ ಕೈ ಕೂಡಿಸಿ ಬೀಸಿದಳು. ವೈದ್ಯ ನೀರು ಕುದಿಸಿ ತೆಳ್ಳಗಿನ ಅಂಬಲಿ ಮಾಡಿಸಿ, ಉಪ್ಪು ಹಾಕಿ, ಕೂಸಿನ ಬಾಯಿಗೆ ಗುಟುಕು ಗುಟುಕಾಗಿ ಬಿಟ್ಟ. ಎರಡನೆಯ ದಿನ ಕೂಸು ಕಣ್ಣು ಬಿಟ್ಟಿತು. ಮೂರನೆಯ ದಿನ ಅತ್ತಿತು. ಅದು ಅತ್ತದ್ದು ಕೇಳಿ ತಾಯಿ ನಕ್ಕಳು.

ಊರಿನ ಹಿರಿಯರಿಗೆ ವ್ಯಾಪಾರಿ ಒಂದೇ ಮಾತು ಹೇಳಿದ: ರೋಗವನ್ನು ಅವರು ಹೊತ್ತು ತರಲಿಲ್ಲ, ನಾನು ಕೊಟ್ಟೆ. ಅದರ ಮೇಲೆ ಹೊಳೆ ದಾಟಿಸುವ ಮಾತನ್ನು ಯಾರೂ ಎತ್ತಲಿಲ್ಲ. ಮೂರು ಮನೆಯವರು ತಮ್ಮ ಕಲ್ಲುಗಳನ್ನೂ ಕಳಿಸಿದರು; ಉಳಿದವರು ಕಳಿಸಲಿಲ್ಲ. ಮಳೆ ಬರುವ ತನಕ ನಸುಕಾದರೆ ಸಾಕು, ಹೊಳೆಯ ಕಡೆಯಿಂದ ಬೀಸುವ ಸದ್ದು, ಅದರ ಜೊತೆ ಹಾಡು ಕೇಳಿಬರುತ್ತಿತ್ತು. ಆ ಎರಡು ಮಕ್ಕಳು ಮಾತ್ರ ಹೋದವು, ಹೋದವೇ. ಮುಂದೆ ಯಾರಾದರೂ ಆ ಬರದ ವರ್ಷದ ಅವನ ದಾನವನ್ನು ಹೊಗಳಿದರೆ ವ್ಯಾಪಾರಿ ಎದ್ದು ಒಳಗೆ ಹೋಗಿಬಿಡುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರನ ಕಣ್ಣು ತುಂಬಿತ್ತು. ಬೆಳಗಿನಿಂದ ಇದ್ದ ಸಿಟ್ಟು ಯಾವಾಗ ಇಳಿದು ಹೋಯಿತೋ ಅವನಿಗೇ ತಿಳಿಯಲಿಲ್ಲ. ಆ ಮುದುಕಿಯ ಬಾಗಿದ ಬೆನ್ನು ನೆನಪಾಯಿತು. ನಾಳೆ ಅವಳನ್ನು ಬರಿಗೈಯಲ್ಲಿ ಕಳಿಸುವವನಿದ್ದೆನಲ್ಲ ಎಂದು ನಾಚಿಕೆಯಾಯಿತು. ದಡಬಡಿಸಿ ಎದ್ದು ನಿಂತ.

"ತಿಳಿಯಿತು ಗುರುಗಳೇ. ತಪ್ಪು ಮಾಡುವುದರಲ್ಲಿದ್ದೆ. ಈಗಲೇ ಹೋಗಿ ಮಠದ ಬೀಸುವ ಕಲ್ಲುಗಳನ್ನೆಲ್ಲ ತೋಪಿಗೆ ಸಾಗಿಸುತ್ತೇನೆ. ಮೊದಲನೆಯದು ಆ ಅಜ್ಜಿಯ ಗುಡಿಸಲಿಗೆ."

ಅಡ್ಡಬಿದ್ದು, ಧೋತರದ ಅಂಚನ್ನು ಮೇಲೆ ಸಿಕ್ಕಿಸಿಕೊಂಡು, ಅವನು ಹೊಸ್ತಿಲ ತನಕ ಹೋಗಿದ್ದ.

"ಕಲ್ಲು ಬೇಕೆಂದು ಆ ಅಜ್ಜಿ ಹೇಳಿದಳೇ, ಚೆನ್ನವೀರ?" ಎಂದರು ಗುರುಗಳು.

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಚೆನ್ನವೀರ ಹಾಗೆಯೇ ಕೆಳಗಿಟ್ಟ. ಆಮೇಲೆ ಕಲ್ಲಿನ ಯೋಚನೆ ಬಿಟ್ಟು, ಮೊದಲು ಅಜ್ಜಿಯನ್ನೇ ಕೇಳಲು ತೋಪಿನ ಕಡೆ ನಡೆದ.