ಬರೆಯದಕಲ್ಲು

ತುಂಗಭದ್ರೆಯ ಎಡದಂಡೆಯಲ್ಲಿ, ಹೊಳೆ ಅಗಲವಾಗಿ ಹರಡಿಕೊಂಡು ಬೇಸಿಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿಯುವ ಒಂದು ಕಡೆ, ಜಾಲಿಮರಗಳ ನಡುವೆ ಸಣ್ಣದೊಂದು ದಿಬ್ಬವಿದೆ. ಅದರ ಹೆಸರು ಬರೆಯದಕಲ್ಲು. ದಿಬ್ಬದ ನೆತ್ತಿಯಲ್ಲಿ ಆಳೆತ್ತರದ ವೀರಗಲ್ಲೊಂದು ನಿಂತಿದೆ. ಬೇರೆ ವೀರಗಲ್ಲುಗಳಲ್ಲಿ ಕೆತ್ತನೆಯ ಹಂತಗಳ ನಡುವೆ ಪದ್ಯ ಬರೆದ ಪಟ್ಟಿಯಿರುತ್ತದೆ; ಇಲ್ಲಿ ಆ ಪಟ್ಟಿ ನುಣ್ಣಗೆ ಬೋಳಾಗಿದೆ. ಓದಿದವರು ಬರುತ್ತಾರೆ, ನೀರು ಚಿಮುಕಿಸುತ್ತಾರೆ, ಸುಣ್ಣದ ಪುಡಿ ಸವರುತ್ತಾರೆ, ಬಿಸಿಲು ಓರೆಯಾಗಿ ಬೀಳುವ ತನಕ ಕಾಯುತ್ತಾರೆ. ಕೊನೆಗೆ ಅಕ್ಷರಗಳು ಸವೆದುಹೋಗಿವೆ ಎಂದು ಹೇಳಿ ಹೊರಡುತ್ತಾರೆ. ಊರಿನವರು ಪಾಪ ಎಂದು ಸುಮ್ಮನಿರುತ್ತಾರೆ. ಸವೆಯಲು ಅಲ್ಲಿ ಅಕ್ಷರ ಇದ್ದರಲ್ಲವೇ?

ಹಿಂದೆ ಒಮ್ಮೆ ಎರಡೂ ದಂಡೆಗಳು ಒಬ್ಬನೇ ದೊರೆಯ ಕೈಯಲ್ಲಿದ್ದವು ಎನ್ನುತ್ತಾರೆ. ಆಗ ಈ ಊರಿನಲ್ಲಿ ಕೇತಯ್ಯನೆಂಬ ಕವಿಯಿದ್ದ. ತಂದೆ ಈ ದಂಡೆಯ ಕನ್ನಡದವನು, ತಾಯಿ ಆಚೆ ದಂಡೆಯ ತೆಲುಗಿನ ಮನೆಯಿಂದ ಬಂದವಳು. ಜೋಗುಳವನ್ನು ಒಂದು ನುಡಿಯಲ್ಲಿ ಕೇಳಿ, ಜಗಳವನ್ನು ಇನ್ನೊಂದು ನುಡಿಯಲ್ಲಿ ಕಲಿತವನು ಅವನು. ಈಚೆಯ ಹುಡುಗರು ಅವನನ್ನು ಹೊಳೆಯಾಚೆಯವನೆಂದು ಕಾಡಿಸುತ್ತಿದ್ದರು. ಸೋದರಮಾವನ ಮನೆಗೆ ಹೋದರೆ ಅಲ್ಲಿಯ ಹುಡುಗರೂ ಅದೇ ಮಾತಿನಿಂದ ಕಾಡಿಸುತ್ತಿದ್ದರು. ದೊಡ್ಡವನಾದ ಮೇಲೆ ಅದನ್ನೇ ಹೆಮ್ಮೆ ಮಾಡಿಕೊಂಡ. ಎರಡು ನುಡಿಯಲ್ಲೂ ಪದ ಕಟ್ಟಿದ, ಎರಡು ಕಡೆಯೂ ಶಾಲು ಹೊದ್ದ. ನಿನ್ನೂರು ಯಾವುದಯ್ಯಾ ಎಂದರೆ ಹೊಳೆಯ ಕಡೆ ಕೈತೋರಿ ನಗುತ್ತಿದ್ದ. ಕೇಳಲು ಚೆಂದದ ಉತ್ತರವೇ, ಆದರೆ ಹೊಳೆಯ ನಡುವೆ ಯಾರು ಮನೆ ಕಟ್ಟಿಕೊಂಡಾರು.

ದೊರೆ ಮಕ್ಕಳಿಲ್ಲದೆ ತೀರಿಕೊಂಡ. ಆಚೆ ದಂಡೆಯ ದಂಡನಾಯಕ ಇನ್ನು ತಾನೇ ದೊರೆಯೆಂದು ಸಾರಿ, ಈಚೆಯ ಊರುಗಳಿಗೂ ತನ್ನವರನ್ನು ಕಳಿಸಿದ. ಗೌಡಿಕೆ ಅವರ ಪಾಲಾಯಿತು, ಕೆರೆಯ ತೂಬನ್ನು ಅವರ ಅಪ್ಪಣೆಯಿಲ್ಲದೆ ಎತ್ತುವಂತಿಲ್ಲವೆಂದಾಯಿತು, ಚಾವಡಿಯಲ್ಲಿ ಕನ್ನಡದಲ್ಲಿ ಅಹವಾಲು ಹೇಳಿದವರನ್ನು ಹೊರಗೆ ನಿಲ್ಲಿಸಿದರು. ಜನ ಒಳಗೊಳಗೇ ಕುದಿದರು. ಕೇತಯ್ಯನಿಗೂ ಮೈ ಉರಿಯಿತು, ಅದರಲ್ಲಿ ಸುಳ್ಳಿರಲಿಲ್ಲ. ಆ ಉರಿಯಲ್ಲೇ ಒಂದು ಪದ ಕಟ್ಟಿದ. ಈ ಮಣ್ಣಿಗಾಗಿ, ಈ ಮಾತಿಗಾಗಿ ಹೊಳೆಗಿಳಿಯುವ ಗಂಡು ಯಾರು ಎಂದು ಕೇಳುವ ಪದ. ಬೀಸುವ ಹೆಂಗಸರಿಂದ ಕುರಿ ಕಾಯುವವರ ತನಕ ಎಲ್ಲರ ಬಾಯಲ್ಲೂ ಅದೇ ಆಯಿತು. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವನು ಮಾಚ; ಕೇತಯ್ಯನ ಜೊತೆ ಈಜು ಕಲಿತ ಗೆಳೆಯ, ಗುಜ್ಜವ್ವನ ಒಬ್ಬನೇ ಮಗ. ಊರು ಹೊಗಳಿದ್ದು ಕೇತಯ್ಯನಿಗೆ ಹಿತವಾಗಿತ್ತು. ಯಾರಾದರೂ ನಿಜವಾಗಿ ಹೊಳೆಗಿಳಿದಾರೆಂದು ಅವನು ಎಣಿಸಿರಲಿಲ್ಲ.

ಅಂಥದರಲ್ಲೇ ಸೋದರಮಾವನ ಮಗಳ ಮದುವೆಗೆ ಕರೆ ಬಂತು. ಮಾವನೋ ಹೊಸ ದೊರೆಯ ಕಾವಲುಪಡೆಯ ನಾಯಕ. ಹೋಗದಿದ್ದರೆ ತಾಯಿ ನೊಂದುಕೊಳ್ಳುತ್ತಾಳೆ, ಹೋದರೆ ಊರು ಏನೆನ್ನುತ್ತದೋ. ಕೇತಯ್ಯ ಯಾರಿಗೂ ಹೇಳದೆ ಹರಿಗೋಲು ಹತ್ತಿದ. ಮದುವೆಯ ಮರುದಿನ ಬೆಳಗ್ಗೆ ಚಪ್ಪರದಡಿ ಎಲೆಯ ಮುಂದೆ ಕೂತಿದ್ದಾಗ ಹೊಳೆಯ ಕಡೆಯಿಂದ ಹಾಡು ಕೇಳಿಸಿತು. ಈಚೆಯ ಹುಡುಗರು ಆಯುಧ ಹಿಡಿದು ನೀರಿಗಿಳಿದಿದ್ದರು. ಎಲ್ಲರಿಗೂ ಮುಂದಾಗಿದ್ದ ದನಿ ಮಾಚನದು. ಮಾವ ಊಟ ಬಿಟ್ಟೆದ್ದು ಕತ್ತಿಗೆ ಕೈಹಾಕುತ್ತ, "ಆ ನುಡಿ ನಿನಗೆ ಬರುತ್ತದಲ್ಲ ಅಳಿಯ, ಯಾರು ಕಟ್ಟಿದ ಪದ ಅದು?" ಎಂದು ಕೇಳಿದ.

"ಗೊತ್ತಿಲ್ಲ ಮಾವ" ಎಂದ ಕೇತಯ್ಯ. ಹಾಡು ನಡುಹೊಳೆಯಲ್ಲಿ ನಿಂತುಹೋಗುವ ತನಕ ಅವನು ಆ ಎಲೆಯ ಮುಂದಿನಿಂದ ಏಳಲಿಲ್ಲ.

ಮಡಿದವರಿಗೆ ಊರು ಕಲ್ಲು ನಿಲ್ಲಿಸುತ್ತಿದ್ದ ಕಾಲ ಅದು. ಕಲ್ಲಿಗೆ ಊರಿನ ಕವಿ ಪದ್ಯ ಕೊಡಬೇಕು, ಮಡಿದವನ ತಾಯಿ ಅದನ್ನು ಕೇಳಿ ಒಪ್ಪಬೇಕು. ಹೊಸ ದೊರೆಯೂ ಇದಕ್ಕೆ ಅಡ್ಡ ಬರಲಿಲ್ಲ. ಊರಿಗೆ ಮರಳಿದ ಕೇತಯ್ಯ ಅತ್ತು ಅತ್ತು ಒಂದು ಪದ್ಯ ಕಟ್ಟಿದ. ಹಿಂದೆಂದೂ ಅಂಥದನ್ನು ಕಟ್ಟಿರಲಿಲ್ಲ. ಇದೊಂದು ಕಲ್ಲಿಗೇರಿದರೆ ತಾನು ಈ ದಂಡೆಯವನೆಂಬುದು ಹೇಗೋ ಉಳಿದೀತು ಎಂಬ ಆಸೆ ಅವನದು. ದಿಬ್ಬದ ಮೇಲೆ ಶಿಲ್ಪಿ ಪಟ್ಟಿಯನ್ನು ನುಣುಪು ಮಾಡಿ ಕಾದಿದ್ದ. ಪಕ್ಕದಲ್ಲಿ ಗುಜ್ಜವ್ವ ಕೂತಿದ್ದಳು.

"ದೊಡ್ಡವ್ವ, ಪದ್ಯ ತಂದೀನಿ" ಎಂದ.

ಆಕೆ ಸೆರಗು ಸರಿಮಾಡಿಕೊಂಡಳು. "ನನ್ನ ಮಗ ನಿನ್ನ ಪದ ಹಾಡಿಕೋತ ನೀರಿಗಿಳಿದ. ನೀ ಆವತ್ತು ಎಲ್ಲಿದ್ದಿ, ಕೇತ?"

"ಆಚಿ ದಂಡ್ಯಾಗ."

"ಅವನ ದನಿ ಕೇಳಿಸ್ತೇನು?"

ಇಲ್ಲವೆನ್ನಬಹುದಿತ್ತು. ಒಮ್ಮೆ ಹಾಗೆಂದು ನೋಡಿದ್ದವನಿಗೆ ಮತ್ತೆ ಬಾಯಿ ಬರಲಿಲ್ಲ. "ಕೇಳಿಸ್ತು, ದೊಡ್ಡವ್ವ. ಯಾರ ಪದ ಅಂತ ಮಾವ ಕೇಳಿದ. ಗೊತ್ತಿಲ್ಲ ಅಂದೆ."

ಗುಜ್ಜವ್ವ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಹಂಗಾರ ನಿನ್ನ ಮಾತು ಈ ಕಲ್ಲಿಗೆ ಬ್ಯಾಡ, ತಮ್ಮಾ. ಬ್ಯಾರೇದವರದೂ ಬ್ಯಾಡ. ಹಂಗ ಇರ್ಲಿ" ಎಂದಳು.

ನಾಚಿಕೆಯಿಂದ ಕೇತಯ್ಯನಿಗೆ ಎಲ್ಲಿ ನೋಡಬೇಕೆಂದೂ ತಿಳಿಯಲಿಲ್ಲ. ಅಲ್ಲಿದ್ದವರು ಯಾರೂ ಅವನನ್ನು ಹೋಗು ಎನ್ನಲಿಲ್ಲ, ಕೂರು ಎಂದೂ ಅನ್ನಲಿಲ್ಲ. ಕೊನೆಗೆ ಶಿಲ್ಪಿಯ ಹತ್ತಿರ ಹೋಗಿ, "ಪದ್ಯ ಬ್ಯಾಡ. ನನ್ನನ್ನ ಕೆತ್ತು. ಎಲ್ಲಿದ್ದೆನೋ ಅಲ್ಲೇ, ಹೆಂಗಿದ್ದೆನೋ ಹಂಗ" ಎಂದು ಕೇಳಿಕೊಂಡ. ಶಿಲ್ಪಿ ಗುಜ್ಜವ್ವನ ಮುಖ ನೋಡಿದ. ಆಕೆ ಬೇಡ ಎನ್ನಲಿಲ್ಲ. ಆಮೇಲೆ ಕೇತಯ್ಯ ಎರಡು ನುಡಿಗಳಲ್ಲಿ ಯಾವುದರಲ್ಲೂ ಪದ ಕಟ್ಟಲಿಲ್ಲ ಎನ್ನುತ್ತಾರೆ.

ಇಂದಿಗೂ ಬಂದವರು ಬೋಳು ಪಟ್ಟಿಗೆ ನೀರು ಚಿಮುಕಿಸಿ ಸಾಕಾಗಿ, ಕುಕ್ಕರುಗಾಲಲ್ಲಿ ಕೂತು ಕೆಳಗಿನ ಹಂತವನ್ನು ನೋಡುತ್ತಾರೆ. ಅಲೆಯಲೆಯಾದ ಗೀರುಗಳೇ ಹೊಳೆ. ನಡುನೀರಿನಲ್ಲಿ ಕತ್ತಿಯೆತ್ತಿ ಬಾಯಿ ತೆರೆದು ನಿಂತವನು ಮಾಚ. ಗೀರುಗಳ ಆಚೆ, ಮೂಲೆಯಲ್ಲಿ, ಚಿಕ್ಕದೊಂದು ಆಕೃತಿ ಎಲೆಯ ಮುಂದೆ ಕೂತಿದೆ. ಆಯುಧವಿಲ್ಲ, ತುತ್ತು ಹಿಡಿದ ಕೈ ಬಾಯಿಯ ಹತ್ತಿರ ನಿಂತುಬಿಟ್ಟಿದೆ. ಇವನು ವೈರಿಯೋ ನಿಮ್ಮವನೋ ಎಂದು ಬಂದವರು ಕೇಳುತ್ತಾರೆ. ಮಾಚ ಹಾಡುತ್ತಿರುವ ಪದ ಕಟ್ಟಿದವನು ಎಂದಷ್ಟೇ ಊರಿನವರು ಹೇಳುತ್ತಾರೆ.