ಬದುವಿನಾಚೆಯ ಸಾಕ್ಷಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಜಗಳವಾಡಿದವನೇ ನಮಗೆ ಉಪಕಾರ ಮಾಡಿದರೆ ಏನು ಮಾಡಬೇಕು? ಜಗಳ ಮುಗಿಯದೆ ಅವನಿಗೆ ಕೃತಜ್ಞರಾಗಿರುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಈರುಳ್ಳಿ ಹಾಕಿದ್ದ. ಕೀಳುವ ಹೊತ್ತಿಗೆ ಮಳೆ ಹಿಡಿಯಿತು. ಎಂಟು ದಿನ ಹೊಲದಲ್ಲಿ ನೀರು ನಿಂತು ಬೆಳೆಯೆಲ್ಲ ಕೊಳೆಯಿತು. ಊರಿನ ಉಳಿದವರು ಕೊಳೆತದ್ದನ್ನು ಹಾಗೇ ಬಿಟ್ಟು, ಸರ್ಕಾರದವರು ಬಂದು ನೋಡಿ ಪರಿಹಾರ ಕೊಡಲಿ ಎಂದು ಕಾದರು. ಇವನಿಗೆ ಅದನ್ನು ನೋಡಲಾಗಲಿಲ್ಲ. ನೆಲ ಉಳುವಷ್ಟು ಆರಿದ್ದೇ ತಡ, ಎಲ್ಲವನ್ನೂ ಉತ್ತು ಮಣ್ಣಿಗೆ ಸೇರಿಸಿಬಿಟ್ಟ. ಬುದ್ಧಿವಂತ! ಹೊಲವೇನೋ ಹಸನಾಯಿತು. ಕಡಲೆ ಬಿತ್ತೋಣವೆಂದರೆ ಬೀಜಕ್ಕೆ ಕೈಯಲ್ಲಿ ಬಿಡಿಗಾಸಿಲ್ಲ. ಪರಿಹಾರ ಸಿಗದಿದ್ದರೆ ಆ ವರ್ಷ ಹೊಲ ಬೀಳು.

ಅಧಿಕಾರಿ ಬಂದ. ಉತ್ತ ಹೊಲ ನೋಡಿ, ಬೆಳೆಯೇ ಇಲ್ಲವಲ್ಲ ಎಂದು ತಲೆಯಾಡಿಸಿದ. ಬೆಳೆ ಇತ್ತೆಂದು ರೈತನ ಭಾವಮೈದ ಆಣೆ ಇಟ್ಟು ಹೇಳಿದ. ಅಧಿಕಾರಿ ನಕ್ಕ. ನೆಂಟರ ಸಾಕ್ಷಿಯನ್ನು ಅವನು ಬೇಕಾದಷ್ಟು ಕೇಳಿದ್ದ.

ಆಗ ಪಕ್ಕದ ಹೊಲದವನು ಬದು ದಾಟಿ ಬಂದ. ಆ ಬದುವಿಗಾಗಿಯೇ ಇಬ್ಬರೂ ಒಂಬತ್ತು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದರು. ಇದ್ದದ್ದನ್ನೂ ಕೆಡಿಸಲಿಕ್ಕೇ ಬಂದ ಎಂದುಕೊಂಡ ರೈತ.

"ಸಾಹೇಬ್ರ, ಈ ಮನಷ್ಯಾ ನನ್ನ ಬದು ತಿಂದಾನ. ಮತ್ತೆಲ್ಲಿ ತಿಂತಾನೋ ಅಂತ ದಿನಾ ಮುಂಜಾನೆ ಬಂದು ನೋಡತೀನಿ. ಈ ಕಲ್ಲಿನಿಂದ ಆ ಬೇವಿನ ಗಿಡದ ತನಕ ಉಳ್ಳಾಗಡ್ಡಿ ಇತ್ತು. ಒಂದೂ ಉಳೀಲಿಲ್ಲ. ನಾರೂದು ತಾಳಲಾರದ ನಾನೂ ಮೂಗು ಮುಚ್ಚಿಕೊಂಡು ನಿಂತೀನಿ."

"ನಿಮ್ಮಿಬ್ಬರ ನಡುವೆ ಕೇಸು ಇದೆಯಂತಲ್ಲ?" ಎಂದ ಅಧಿಕಾರಿ.

"ಕೇಸು ಬದುವಿಂದು ಸಾಹೇಬ್ರ. ಉಳ್ಳಾಗಡ್ಡಿದಲ್ಲ."

ಅಧಿಕಾರಿ ಪಂಚನಾಮೆ ಬರೆದು ಪಕ್ಕದವನ ಸಹಿ ಹಾಕಿಸಿಕೊಂಡ. ಬಿತ್ತನೆಗೆ ಬೇಕಾದ ಹಸಿ ಆರುವ ಮೊದಲೇ ಪರಿಹಾರ ಬಂತು. ರೈತ ಕಡಲೆ ಬಿತ್ತಿದ. ಕೊಟ್ಟ ಸರ್ಕಾರವನ್ನು ನೆನೆದ, ಹೊಲದ ತನಕ ನಡೆದು ಬಂದ ಅಧಿಕಾರಿಯನ್ನೂ ನೆನೆದ. ಕಾಯಿ ಕಟ್ಟಿದಾಗ ಹಸಿ ಕಡಲೆಯ ದೊಡ್ಡ ಹೊರೆಯೊಂದನ್ನು ಹೊತ್ತು, ಒಂಬತ್ತು ವರ್ಷ ತುಳಿಯದ ಹೊಸ್ತಿಲಿಗೆ ಹೋಗಿ ನಿಂತ.

ಪಕ್ಕದವನು ಮುಖ ಗಂಟಿಕ್ಕಿಕೊಂಡೇ ಹೇಳಿದ: "ನಾ ನಿನ್ನ ಸಲುವಾಗಿ ಹೇಳಿಲ್ಲ. ಇದ್ದದ್ದು ಹೇಳೀನಿ."

"ಅದಕ್ಕ ಬಂದೀನಿ," ಎಂದ ರೈತ. ಅವನ ಕಣ್ಣು ತುಂಬಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಯಿತು. "ಅಂತೂ ಅವರ ವ್ಯಾಜ್ಯ ಅಲ್ಲಿಗೆ ಮುಗಿಯಿತು," ಎಂದ.

"ಎಲ್ಲಿ ಮುಗಿಯಿತಪ್ಪ, ಮೊನ್ನೆಯೂ ತಾರೀಖಿತ್ತು, ಇಬ್ಬರೂ ಒಂದೇ ಬೈಕಿನಲ್ಲಿ ಕೋರ್ಟಿಗೆ ಹೋಗಿ ಬಂದರು."